ಪರ್ಮಿಟ್ ರೂಮಿನ ಧನಿಗಳೂ ನಮ್ಮ ಸಂಘಗಳ ಮಡಿವಂತಿಕೆಯೂ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಸಣ್ಣದೊಂದು ವಿಷಯ ಚರ್ಚೆಗೆ ಬಂದಿತ್ತು. ನಾಸಿಕದಲ್ಲಿ ಮೂರೂವರೆ ದಶಕ ಪರ್ಮಿಟ್ ರೂಮ್ ನಡೆಸಿ ತೀರಿಕೊಂಡ ಹಿರಿಯ ಸದಸ್ಯರೊಬ್ಬರ ಮಗ, ಪರವಾನಗಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸಿ ಊರು ಬಿಡುವ ಮುನ್ನ, ಮೂರು ರಟ್ಟಿನ ಪೆಟ್ಟಿಗೆಗಳನ್ನು ಸಂಘದ ಕಚೇರಿಯಲ್ಲಿ ತಂದಿರಿಸಿದ್ದರು. ಅವುಗಳಲ್ಲಿ ತಂದೆಯವರ ಕೈಬರಹದ ಉದ್ರಿ ಪುಸ್ತಕಗಳಿದ್ದವು, ದಿನವಹಿಗಳಿದ್ದವು. ಪರ್ಮಿಟ್ ಪುಸ್ತಕಗಳ ಅಡಿಚೀಟಿಗಳು, ಬೇರೆ ಬೇರೆ ಕಾಲದ ತಿಂಡಿಪಟ್ಟಿಗಳು, ಕೆಲಸದ ಹುಡುಗರೊಡನೆ ತೆಗೆಸಿಕೊಂಡ ಛಾಯಾಚಿತ್ರಗಳು, ಊರಿನಿಂದ ಬಂದ ಅಂತರ್ದೇಶೀಯ ಪತ್ರಗಳು ಇದ್ದವು. ಸಂಘಕ್ಕೆ ಇವು ಬೇಕೆ ಎಂಬುದಷ್ಟೇ ಪ್ರಶ್ನೆ. ಐದು ನಿಮಿಷಗಳಲ್ಲಿ ತೀರ್ಮಾನವಾಯಿತು: ಬೇಡ. ಸರಸ್ವತಿಯ ಭಾವಚಿತ್ರವಿರುವ ಗ್ರಂಥಾಲಯದಲ್ಲಿ ಬಾರಿನ ಲೆಕ್ಕದ ಪುಸ್ತಕಗಳನ್ನಿಡುವುದು ಶೋಭಿಸುವುದಿಲ್ಲವೆಂದು ಒಬ್ಬರು ಅಂದರು, ಉಳಿದವರು ತಲೆದೂಗಿದರು, ಸಭೆ ರಾಜ್ಯೋತ್ಸವದ ಊಟದ ವ್ಯವಸ್ಥೆಯತ್ತ ಮುಂದುವರಿಯಿತು. ಆ ಊಟದ ವೆಚ್ಚವನ್ನು ವರ್ಷಗಟ್ಟಲೆ ಭರಿಸಿದವರು ಆ ಪೆಟ್ಟಿಗೆಗಳ ಒಡೆಯರೇ ಎಂಬುದು ಅಲ್ಲಿದ್ದ ಯಾರಿಗೂ ತಿಳಿಯದ ಸಂಗತಿಯಲ್ಲ.

ಈ ಲೇಖನ ಸಮಿತಿಯ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಆರೋಪಿಗಳ ಸಾಲಿನಲ್ಲಿ ನಾನೂ ಇದ್ದೇನೆ. ಹಲವು ವರ್ಷಗಳ ಹಿಂದೆ ಸಂಘದ ಸ್ಮರಣ ಸಂಚಿಕೆಯನ್ನು ಸಂಪಾದಿಸುವ ಹೊಣೆ ನನ್ನ ಮೇಲಿತ್ತು. ದಾನಿಗಳ ಪರಿಚಯಕ್ಕಾಗಿ ಇದೇ ಹಿರಿಯರು ತಮ್ಮ ಕೈಯಿಂದಲೇ ನಾಲ್ಕು ಸಾಲು ಬರೆದುಕೊಟ್ಟಿದ್ದರು. ಅದರಲ್ಲಿ 'ಪರ್ಮಿಟ್ ರೂಮ್ ನಡೆಸುತ್ತಿದ್ದೇನೆ' ಎಂಬ ಮಾತಿತ್ತು. ನಾನು ಅದನ್ನು ಹೊಡೆದು 'ಹೆಸರಾಂತ ಹೋಟೆಲ್ ಉದ್ಯಮಿ, ಕೊಡುಗೈ ದಾನಿ' ಎಂದು ತಿದ್ದಿದೆ. ಸಂಚಿಕೆ ಕೈಸೇರಿದ ಮೇಲೆ ಅವರು ಸಿಟ್ಟಾಗಲಿಲ್ಲ. "ಸಾರ್, ಇಡ್ಲಿ ಎಷ್ಟು ಗಂಟೆಗೆ ಸಿಗುತ್ತದೆ ಅಂತಲೂ ಹಾಕಿಬಿಡಬೇಕಿತ್ತು" ಎಂದು ನಕ್ಕರು. ಆ ನಗೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಅವರು ತೀರಿಕೊಂಡ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೆ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆಯಿಂದ ಪರ್ಮಿಟ್ ರೂಮನ್ನೂ ಅದರ ಧನಿಯನ್ನೂ ಹೊಡೆದುಹಾಕುವುದು ಸುಳ್ಳು ಚರಿತ್ರೆ ಬರೆದಂತೆ. ಈ ಸುಳ್ಳಿಗೆ ನಾವು ನೀತಿಯ ಹೆಸರು ಕೊಡುತ್ತೇವೆ. ಆದರೆ ಅದರ ಬೇರು ಇರುವುದು ನೀತಿಯಲ್ಲಲ್ಲ, ಜಾತಿ ಮತ್ತು ವರ್ಗದ ಮಡಿವಂತಿಕೆಯಲ್ಲಿ.

*

ಪರ್ಮಿಟ್ ರೂಮ್ ಎಂಬ ವಿಚಿತ್ರ ಹೆಸರು ಹೇಗೆ ಹುಟ್ಟಿತೆಂಬುದನ್ನು ಮೊದಲು ನೆನೆಯಬೇಕು. ಮುಂಬಯಿ ಪ್ರಾಂತದಲ್ಲಿ 1949ರ ಪಾನನಿಷೇಧ ಕಾಯಿದೆ ಬಂದು, 1950ರ ವೇಳೆಗೆ ಪಾನನಿಷೇಧ ಪೂರ್ಣವಾಗಿ ಜಾರಿಗೊಂಡಿತು. ಕಾಯಿದೆ ಇಂದಿಗೂ ರದ್ದಾಗಿಲ್ಲ; ಹೆಸರಿನಲ್ಲಿದ್ದ 'ಮುಂಬಯಿ' ಹೋಗಿ 'ಮಹಾರಾಷ್ಟ್ರ' ಬಂದಿದೆ, ಅಷ್ಟೆ. ಅಂದರೆ, ಮದ್ಯದಿಂದ ಸಾವಿರಾರು ಕೋಟಿ ರೂಪಾಯಿ ವರಮಾನ ಪಡೆಯುವ ಈ ರಾಜ್ಯದಲ್ಲಿ ಕಾನೂನಿನ ದೃಷ್ಟಿಯಿಂದ ಕುಡಿತವೇ ನಿಷಿದ್ಧ. ಪರ್ಮಿಟ್ ಇದ್ದವನಿಗೆ ಮಾತ್ರ ವಿನಾಯಿತಿ. ಮೊದಮೊದಲು ಈ ವಿನಾಯಿತಿ ವಿದೇಶೀಯರಿಗೂ ವೈದ್ಯರ ಪ್ರಮಾಣಪತ್ರ ತಂದ ರೋಗಿಗಳಿಗೂ ಮೀಸಲಾಗಿತ್ತು. ವಸಂತರಾವ್ ನಾಯಕರು ಮುಖ್ಯಮಂತ್ರಿಯಾಗಿದ್ದ 1963ರಿಂದ 1975ರ ಅವಧಿಯಲ್ಲಿ ಬಿಗಿ ಸಡಿಲವಾಗುತ್ತ ಬಂದು, ಎಪ್ಪತ್ತರ ದಶಕದ ಆರಂಭದಲ್ಲಿ ಬಾಗಿಲು ತೆರೆಯಿತು. ದೇಶೀ ಮದ್ಯದ ನಿಯಮಗಳು 1973ರಲ್ಲಿ ಬಂದವು. ಉಪಾಹಾರಗೃಹದ ಒಂದು ಭಾಗವನ್ನು ಬೇರ್ಪಡಿಸಿ, ಪರ್ಮಿಟ್ ಉಳ್ಳವರಿಗೆ ಅಲ್ಲಿ ಕುಳಿತು ಕುಡಿಯಲು ಅವಕಾಶವೀಯುವ ಪರವಾನಗಿಯನ್ನು ಎಫ್.ಎಲ್.-3 ಎಂದು ಕರೆದರು. ಆ ಕೋಣೆಯೇ ಪರ್ಮಿಟ್ ರೂಮ್. ಒಂದು ದಿನದ ಪರ್ಮಿಟ್ಟಿಗೆ ಐದು ರೂಪಾಯಿ, ಆಜೀವ ಪರ್ಮಿಟ್ಟಿಗೆ ಸಾವಿರ ರೂಪಾಯಿ ಎಂಬುದು ಬಹುಕಾಲ ನಡೆದುಬಂದ ದರ. ಬಿಯರಿಗೆ ಇಪ್ಪತ್ತೊಂದು ವರ್ಷ, ಉಳಿದ ಮದ್ಯಕ್ಕೆ ಇಪ್ಪತ್ತೈದು. ಗೋಡೆಯ ಮೇಲೆ ಪರವಾನಗಿಯ ಚೌಕಟ್ಟು, ಕೌಂಟರಿನ ಕೆಳಗೆ ಪರ್ಮಿಟ್ ಪುಸ್ತಕ. ಕುಡಿಯಲು ಕುಳಿತ ಪ್ರತಿಯೊಬ್ಬನೂ ಕಾಗದದ ಮೇಲೆ ಸರ್ಕಾರದ ಅನುಮತಿ ಪಡೆದ ಅಪವಾದ. ಇಂಥದೊಂದು ಆಷಾಢಭೂತಿ ವ್ಯವಸ್ಥೆಯ ಹೊಸ್ತಿಲಲ್ಲಿ ಕುಳಿತವರು ನಮ್ಮ ಕರಾವಳಿಯ ಜನ.

ನಾನು ಕೆಲಸ ಮಾಡಿದ ಎರಡೂ ನಗರಗಳಲ್ಲಿ ಈ ಚರಿತ್ರೆ ಬೇರೆ ಬೇರೆ ದಾರಿಯಿಂದ ಬಂದಿದೆ. ನಾಸಿಕ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರು. ಅದರ ಪಕ್ಕದ ದೇವಳಾಲಿಯ ದಂಡು, ತಾಯ್ನಾಡಿನ ಹಡಗಿಗಾಗಿ ಕಾಯುತ್ತ ಕುಡಿದು ತಲೆಕೆಟ್ಟ ಗೋರಾ ಸಿಪಾಯಿಗಳ ದೆಸೆಯಿಂದ ಇಂಗ್ಲಿಷ್ ಭಾಷೆಗೆ 'ಹುಚ್ಚು' ಎಂಬರ್ಥದ ಒಂದು ಪದವನ್ನೇ ಕೊಟ್ಟಿತು. ನಾಸಿಕ್ ರೋಡಿನಲ್ಲಿ 1925ರಲ್ಲಿ ಸೆಕ್ಯುರಿಟಿ ಪ್ರೆಸ್, 1928ರಲ್ಲಿ ನೋಟು ಮುದ್ರಣಾಲಯ ಬಂದವು. ಸ್ವಾತಂತ್ರ್ಯಾನಂತರ ಓಝರಿನಲ್ಲಿ ಎಚ್.ಎ.ಎಲ್., ಸಾತಪುರ ಮತ್ತು ಅಂಬಡ ಕೈಗಾರಿಕಾ ವಸಾಹತುಗಳು, ಬೆಂಗಳೂರು ಮೂಲದ ಮೈಕೋದ ಘಟಕ ಬಂದವು. ಬೆಂಗಳೂರಿನಿಂದ ವರ್ಗವಾಗಿ ಬಂದ ಎಂಜಿನಿಯರ್ ಕನ್ನಡಿಗರಿಗೂ ಕರಾವಳಿಯಿಂದ ಬಂದ ಹೋಟೆಲ್ ಕನ್ನಡಿಗರಿಗೂ ಮೊದಲ ಭೇಟಿಯಾದದ್ದು ಈ ಕಾರ್ಖಾನೆಗಳ ಹೆಬ್ಬಾಗಿಲಿನ ಎದುರಿನಲ್ಲೇ.

ಛತ್ರಪತಿ ಸಂಭಾಜಿನಗರ, ಅಂದರೆ 2023ರವರೆಗಿನ ಔರಂಗಾಬಾದ್, ನಿಜಾಮನ ಸೀಮೆ. ಬೀದರ, ಗುಲಬರ್ಗಾ, ರಾಯಚೂರುಗಳೊಡನೆ ಒಂದೇ ಸಂಸ್ಥಾನದಲ್ಲಿದ್ದ ಊರು. ಸೇಂದಿ, ಮಹುವಾ ಮದ್ಯಗಳ ಹರಾಜಿನಿಂದ ಬರುತ್ತಿದ್ದ ಅಬಕಾರಿ ಉತ್ಪನ್ನ ಹೈದರಾಬಾದಿನ ಖಜಾನೆಯ ದೊಡ್ಡ ಆಧಾರಗಳಲ್ಲಿ ಒಂದಾಗಿತ್ತು. ಈ ಸೀಮೆ 1956ರಲ್ಲಿ ದ್ವಿಭಾಷಾ ಮುಂಬಯಿ ರಾಜ್ಯಕ್ಕೆ ಸೇರಿತು. 1959ರ ತಿದ್ದುಪಡಿಯಿಂದ ಪಾನನಿಷೇಧ ಇಲ್ಲಿಗೂ ವಿಸ್ತರಿಸಿತು. ಬೀದರಿನವನು ಸೇಂದಿಯ ಗಡಂಗಿಗೆ ಹೋಗುವುದು ಕಾನೂನುಬದ್ಧವಾಗಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ಅವನ ಹಳೆಯ ಸಹಪ್ರಜೆ ಔರಂಗಾಬಾದಿನಲ್ಲಿ ಅಪರಾಧಿಯಾದ. ಬಳಿಕ ಚಿಕಲಠಾಣಾ, ವಾಳೂಜ ಕೈಗಾರಿಕಾ ವಸಾಹತುಗಳು ಬೆಳೆದವು. 1985ರಲ್ಲಿ ಬಜಾಜ್ ಕಾರ್ಖಾನೆ ವಾಳೂಜಕ್ಕೆ ಬಂತು. ಬಿಯರ್ ಕಾರ್ಖಾನೆಗಳೂ ಬಂದವು. ಪಾಳಿ ಮುಗಿಸಿ ಬಂದವರು ಕುಳಿತುಕೊಳ್ಳಲು ಒಂದು ಜಾಗ ಬೇಕಾಯಿತು.

*

ಆ ಜಾಗವನ್ನು ಕನ್ನಡಿಗರೇ ಏಕೆ ಒದಗಿಸಿದರು? ಮುಂಬಯಿಯ ಹೋಟೆಲುಗಳಿಗೆ ದಕ್ಷಿಣ ಕನ್ನಡದ ಹುಡುಗರ ವಲಸೆ ಸ್ವಾತಂತ್ರ್ಯಕ್ಕೂ ಹಿಂದಿನದು. ಹಗಲು ಲೋಟ ತೊಳೆದು, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರುಗಳಿವೆ. ಬಂಟರ ಸಂಘ ಮುಂಬಯಿಯಲ್ಲಿ 1927ರಷ್ಟು ಹಿಂದೆಯೇ ಹುಟ್ಟಿತು. ಸಸ್ಯಾಹಾರಿ ಉಡುಪಿ ಹೋಟೆಲನ್ನು ಕಟ್ಟಿದವರಲ್ಲಿ ಬ್ರಾಹ್ಮಣರು ಮುಂಚೂಣಿಯಲ್ಲಿದ್ದರೆ, ಮೀನು ಮಾಂಸದ ಊಟದ ಮನೆಗಳತ್ತ, ಅಲ್ಲಿಂದ ಪರ್ಮಿಟ್ ರೂಮಿನತ್ತ ನಡೆದವರಲ್ಲಿ ಬಂಟರು ಹೆಚ್ಚು, ಬಿಲ್ಲವರೂ ಉಂಟು. ದೇವರಾಜ ಅರಸರ 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಗದ್ದೆಗಳು ಉಳುವವನ ಪಾಲಾದಾಗ, ಗುತ್ತಿನ ಮನೆಗಳ ಕೆಲವು ಮಕ್ಕಳೂ ಬಸ್ಸು ಹತ್ತಿದರು. ಅದೇ ವರ್ಷಗಳಲ್ಲಿ ಮಹಾರಾಷ್ಟ್ರ ಪರ್ಮಿಟ್ ರೂಮುಗಳ ಬಾಗಿಲು ತೆರೆಯಿತೆಂಬುದು ಕಾಕತಾಳೀಯ. ಆದರೆ ಎರಡೂ ಸೇರಿ ಒಂದು ವೃತ್ತಿಯನ್ನು ನಿರ್ಮಿಸಿದವು. ಕರಾವಳಿಯಲ್ಲಿ ಒಡೆಯನಿಗೆ 'ಧನಿ' ಎನ್ನುತ್ತಾರೆ. ಊರಿನಲ್ಲಿ ಅದು ಭೂಮಿಯ ಒಡೆತನದ ಮಾತು. ಇಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಹೆಸರು. ಈ ಹೊಸ ಧನಿಗಳಲ್ಲಿ ಹೆಚ್ಚಿನವರು ಯಾವ ಗುತ್ತಿನ ಮನೆಯವರೂ ಅಲ್ಲ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮೇಜು ಒರೆಸಲು ಬಂದ ಮಾಣಿಗಳು.

ಅವರು ಬೋರ್ಡಿನ ಮೇಲೆ ಹೆಚ್ಚಾಗಿ ತಮ್ಮ ಹೆಸರು ಹಾಕಲಿಲ್ಲ. ಊರಿನ ದೇವಿಯ ಹೆಸರು ಹಾಕಿದರು. ಇದಕ್ಕೂ ಕಾರಣವಿದೆ. ಶಿವಸೇನೆ 1966ರಲ್ಲಿ ಹುಟ್ಟಿದಾಗ ಅದರ ಮೊದಲ ಸಿಟ್ಟು ತಿರುಗಿದ್ದು ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳವು. ಅದೇ ಹೊತ್ತಿಗೆ ಮಹಾಜನ ಆಯೋಗ ಗಡಿಯ ಕಾವನ್ನು ಏರಿಸಿತ್ತು. ತಲೆ ತಗ್ಗಿಸಿ, ಮರಾಠಿ ಕಲಿತು, ಗಣೇಶೋತ್ಸವಕ್ಕೆ ವರ್ಗಣಿ ಕೊಟ್ಟು, ಮನೆಯೊಳಗೆ ತುಳು ಕನ್ನಡ ಆಡಿಕೊಂಡು ಬಾಳುವುದನ್ನು ಅವರು ಕಲಿತರು. ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಳ್ಳುವ ಅಭ್ಯಾಸ ಅವರಿಗೆ ಬೆಳೆಯಲಿಲ್ಲ. ಅದು ನಮ್ಮ ಕೆಲಸವಾಗಿತ್ತು. ಓದು ಬರಹ ಬಲ್ಲ, ಸಂಘದ ಪದಾಧಿಕಾರಿಗಳಾದ, ನೌಕರವರ್ಗದ ನಮ್ಮ ಕೆಲಸ.

*

ನನ್ನ ಮೊದಲ ಅನುಭವವನ್ನು ಹೇಳುತ್ತೇನೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಕೇಂದ್ರ ಅಬಕಾರಿ ಇಲಾಖೆಗೆ ಸೇರಿ, 1994ರಲ್ಲಿ ನಾನು ಔರಂಗಾಬಾದಿಗೆ ಬಂದೆ. ಕೈಯಲ್ಲಿ ಒಂದು ಪೆಟ್ಟಿಗೆ, ಇಳಿದುಕೊಳ್ಳಲು ಮನೆಯಿಲ್ಲ. ಯಾರೋ ಹೇಳಿದರೆಂದು ಸ್ಟೇಷನ್ ರಸ್ತೆಯ ಹತ್ತಿರದ ಒಂದು ಪರ್ಮಿಟ್ ರೂಮಿಗೆ ಹೋಗಿ, ನಾನು ಅಬಕಾರಿಯವನು, ಧಾರವಾಡದವನು ಎಂದೆ. ಧನಿಗಳು ಗಲ್ಲಾ ಬಿಟ್ಟು ಎದ್ದು ನಿಂತರು, ಮುಖ ಬಿಳಿಚಿತು, ಹುಡುಗನೊಬ್ಬ ರಿಜಿಸ್ಟರ್ ತಂದು ಮುಂದಿಟ್ಟ. ಕುಡಿಯುವ ಮದ್ಯ ಸಂವಿಧಾನದ ಪ್ರಕಾರ ರಾಜ್ಯಗಳ ಪಾಲು, ನಮ್ಮ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ, ನಾನು ಬಂದದ್ದು ಒಂದು ಕೋಣೆ ಹುಡುಕಿಕೊಂಡು ಎಂದು ತಿಳಿಸಿಹೇಳಲು ಕಾಲು ಗಂಟೆ ಹಿಡಿಯಿತು. ಆ ಮೇಲೆ ಅವರು ನಕ್ಕ ನಗೆ ನನಗೆ ಈಗಲೂ ಕಿವಿಯಲ್ಲಿದೆ. ಆ ರಾತ್ರಿ ಮಾಳಿಗೆಯ ಮೇಲೆ ಹುಡುಗರ ನಡುವೆ ಮಲಗಿದೆ. ಅನ್ನ, ಬಂಗುಡೆ ಸಾರು. ನಾನು ಮೀನು ತಿನ್ನದವನೆಂದು ತಿಳಿದು ಮಜ್ಜಿಗೆ. ಹದಿನೆಂಟು ದಿನ ಅಲ್ಲಿದ್ದೆ. ಬಾಡಿಗೆ ತೆಗೆದುಕೊಳ್ಳಲಿಲ್ಲ. ಇದನ್ನು ನಾನು ಇಷ್ಟು ವರ್ಷ ಯಾವ ಸಭೆಯಲ್ಲೂ ಹೇಳಲಿಲ್ಲ. ಬಾರಿನ ಮಾಳಿಗೆಯಲ್ಲಿ ಇಳಿದುಕೊಂಡಿದ್ದೆನೆಂದು ಅಧಿಕಾರಿಯೊಬ್ಬ ಹೇಗೆ ಹೇಳಿಕೊಳ್ಳುವುದು?

ಆ ಹದಿನೆಂಟು ದಿನಗಳಲ್ಲಿ ನಾನು ಕಂಡದ್ದು ಇದು. ಸಂಜೆ ಆರಕ್ಕೆ ಊದಿನಕಡ್ಡಿ ಬೆಳಗಿ ದೇವಿಯ ಪಟಕ್ಕೆ ಹೂ. ಪಾಳಿ ಬಿಟ್ಟವರು ಬಂದು ತಮ್ಮ ತಮ್ಮ ಕುರ್ಚಿಯಲ್ಲಿ ಕೂರುವರು; ಕುರ್ಚಿಗಳು ಬದಲಾಗುತ್ತಿರಲಿಲ್ಲ. ಮೂವತ್ತು ಮಿಲಿಲೀಟರಿನ ಅಳತೆ, ಅರವತ್ತರ ಅಳತೆ. ಹುರಿದ ಕಡಲೆ, ಬೇಯಿಸಿದ ಶೇಂಗಾ ಪುಕ್ಕಟೆ. ಅಲ್ಲಿ ಮರಾಠಿಯ ಫಿಟ್ಟರನಿದ್ದ, ಉರ್ದು ಮಾತಿನ ಗುಮಾಸ್ತನಿದ್ದ, ತೆಲುಗಿನ ಗುತ್ತಿಗೆದಾರನಿದ್ದ. ಧನಿಗಳು ಎಲ್ಲರ ಭಾಷೆಯನ್ನೂ ಹರಕುಮುರುಕಾಗಿ ಆಡಬಲ್ಲವರಾಗಿದ್ದರು. ಯಾರ ಮಗಳ ಮದುವೆ, ಯಾರ ಕಾರ್ಖಾನೆಯಲ್ಲಿ ಮುಷ್ಕರ, ಯಾರು ಆಸ್ಪತ್ರೆಯಲ್ಲಿ, ಎಲ್ಲವೂ ಅವರಿಗೆ ಗೊತ್ತು. ಕೆಲವರಿಗೆ ಮೂರನೆಯ ಪೆಗ್ ಕೊಡಬಾರದೆಂದು ಹುಡುಗರಿಗೆ ಕಣ್ಸನ್ನೆ ಇತ್ತು. ಉದ್ರಿ ಪುಸ್ತಕದಲ್ಲಿ ಕುಡಿತದ ಸಾಲವಷ್ಟೇ ಇರಲಿಲ್ಲ. 'ಶಾಲೆ ಫೀಸು', 'ಔಷಧ', 'ಊರಿಗೆ ಟಿಕೇಟು' ಎಂಬ ಬಾಬುಗಳೂ ಇದ್ದವು. ನನ್ನ ಮಂಚದ ಕೆಳಗಿರುವ ಮೂರು ಪೆಟ್ಟಿಗೆಗಳ ಪುಸ್ತಕಗಳಲ್ಲೂ ಅವೇ ಬಾಬುಗಳಿವೆ. ಒಂದು ಕೈಗಾರಿಕಾ ನಗರದ ಕಾರ್ಮಿಕರು ಯಾವ ತಿಂಗಳು ನಗದು ಕೊಟ್ಟರು, ಯಾವ ತಿಂಗಳು ಸಾಲ ಹೇಳಿದರು ಎಂಬ ಮೂವತ್ತು ವರ್ಷಗಳ ದಾಖಲೆಯಿದು. ಇಂಥ ಆಕರ ನನಗೆ ಎಂ.ಎ. ಓದುವಾಗ ಸಿಕ್ಕಿದ್ದರೆ ನನ್ನ ಬದುಕಿನ ದಾರಿಯೇ ಬೇರೆಯಾಗುತ್ತಿತ್ತು.

ನನ್ನ ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಓದಲು ಹೋದವಳು, ಅಲ್ಲಿನ ಒಂದು ಬಡಾವಣೆಯ ಹಳೆಯ ಮದ್ಯಗೃಹಗಳ ಕುರಿತ ಪುಸ್ತಕವೊಂದನ್ನು ಕಳುಹಿಸಿದ್ದಳು. ನಿವೃತ್ತ ಜನ ಸೇರಿ ಮಾಡಿದ ಸ್ಥಳೀಯ ಚರಿತ್ರೆ. ಯಾವ ಮೂಲೆಯಲ್ಲಿ ಯಾವ ವರ್ಷ ಯಾರ ಹೆಸರಿಗೆ ಪರವಾನಗಿಯಿತ್ತು, ಅವನು ಯಾವ ಹಳ್ಳಿಯಿಂದ ಬಂದವನು, ಅವನು ಸತ್ತ ಮೇಲೆ ಹೆಂಡತಿ ಎಷ್ಟು ವರ್ಷ ನಡೆಸಿದಳು, ಇವೆಲ್ಲವನ್ನೂ ಹೆಸರು ಹಿಡಿದು ಬರೆದಿದ್ದಾರೆ. ಆ ನಗರದ ಡ್ರೂರಿ ಬೀದಿಯ ಹಾರ್ಸ್ ಶೂ ಬಾರ್ ಕಾನೂನಿನಿಂದ ರಕ್ಷಿತವಾದ ಪಾರಂಪರಿಕ ಕಟ್ಟಡ. ಆರ್ಗೈಲ್ ಬೀದಿಯ ಪಾರ್ಕ್ ಬಾರ್, ವಾಯವ್ಯದ ದ್ವೀಪಗಳಿಂದ ವಲಸೆ ಬಂದ ಗೇಲಿಕ್ ಭಾಷಿಕರು ಸೇರಿ ತಮ್ಮ ನುಡಿಯನ್ನಾಡುವ, ತಮ್ಮ ಹಾಡು ಹಾಡುವ ಜಾಗವೆಂದು ಹೆಸರಾದದ್ದು. ಅಂದರೆ, ಅಲ್ಲಿಯ ಹೊರನಾಡಿಗರಿಗೆ ಅದೊಂದು ಸಂಘ. ನಮ್ಮಲ್ಲೂ ಹಾಗೆಯೇ ಆಗಿತ್ತು. ಸಂಘಕ್ಕೆ ಸ್ವಂತ ಕೋಣೆಯಿಲ್ಲದ ವರ್ಷಗಳಲ್ಲಿ ಯಕ್ಷಗಾನದ ಟಿಕೇಟು ಮಾರಾಟವಾದದ್ದು ಎಲ್ಲಿ? ಊರಿನಿಂದ ಮೇಳ ಬಂದಾಗ ಕಲಾವಿದರು ಉಂಡದ್ದು ಎಲ್ಲಿ? ಕನ್ನಡ ಪತ್ರಿಕೆ ಎರಡು ದಿನ ತಡವಾಗಿಯಾದರೂ ಸಿಗುತ್ತಿದ್ದದ್ದು ಎಲ್ಲಿ? ಹಿರಿಯ ಸದಸ್ಯರು ಎದೆ ಮುಟ್ಟಿಕೊಂಡು ಹೇಳಲಿ.

*

ಹಾಗಿದ್ದರೂ ನಾವು ನಾಚುತ್ತೇವೆ. ಯಾವುದಕ್ಕೆ ಎಂದು ವಿಚಾರಿಸಬೇಕು.

ಮದ್ಯಕ್ಕೆ ನಾಚುತ್ತೇವೆಂದರೆ ನಂಬುವ ಹಾಗಿಲ್ಲ. ಪ್ರತಿ ನವೆಂಬರಿನಲ್ಲಿ ನಮ್ಮ ವೇದಿಕೆಯ ಮೇಲೆ ಯಾರಾದರೊಬ್ಬರು ರಾಜರತ್ನಂ ಅವರ ಎಂಡ್ಕುಡ್ಕ ರತ್ನನನ್ನು ಹಾಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಕುಡಿಯುವ ರತ್ನ ನಮ್ಮ ಸಾಂಸ್ಕೃತಿಕ ನಾಯಕ; ಅವನ ಲೋಟ ತುಂಬಿದವನು ಮಾತ್ರ ಅಸ್ಪೃಶ್ಯ. ನಾಸಿಕದ ಸುತ್ತ 2000ದಿಂದೀಚೆಗೆ ದ್ರಾಕ್ಷಾರಸದ ಕಾರ್ಖಾನೆಗಳೆದ್ದವು. ಸರ್ಕಾರ 2001ರಲ್ಲಿ ಅವುಗಳಿಗಾಗಿ ಪ್ರತ್ಯೇಕ ನೀತಿಯನ್ನೇ ಮಾಡಿತು. ನಮ್ಮ ಪದಾಧಿಕಾರಿಗಳ ಮನೆಗೆ ಬೆಂಗಳೂರಿನ ನೆಂಟರು ಬಂದರೆ ಗಂಗಾಪುರ ಜಲಾಶಯದ ದಂಡೆಯ ದ್ರಾಕ್ಷಿತೋಟಕ್ಕೆ ಕರೆದೊಯ್ಯುತ್ತಾರೆ. ತೆಳು ಗಾಜಿನ ಬಟ್ಟಲು ಹಿಡಿದ ಛಾಯಾಚಿತ್ರಗಳು ಮೊಬೈಲಿನಲ್ಲಿ ಊರೆಲ್ಲ ತಿರುಗುತ್ತವೆ. ಅದು ಪ್ರವಾಸೋದ್ಯಮ, ಅಭಿರುಚಿ. ಸಾತಪುರದ ತಿರುವಿನಲ್ಲಿ ಲೇತ್ ಯಂತ್ರದ ಕೆಲಸಗಾರ ಸ್ಟೀಲಿನ ಮೇಜಿನ ಮುಂದೆ ಕುಳಿತರೆ ಅದು ದುಶ್ಚಟ. ಹಾಗಾದರೆ ನಮ್ಮ ತಕರಾರು ಮದ್ಯದ ಮೇಲಲ್ಲ. ಕುಡಿಯುವವನ ಮತ್ತು ಕುಡಿಸುವವನ ಅಂತಸ್ತಿನ ಮೇಲೆ.

ಇದರ ಹಿಂದೆ ಜಾತಿಯ ಏಣಿಶ್ರೇಣಿಯೂ ಇದೆ. ಹೊರನಾಡಿನಲ್ಲಿ ಕನ್ನಡ ಸಂಸ್ಕೃತಿಯೆಂದರೆ ಇಡ್ಲಿ, ದೋಸೆ, ಕಾಫಿಯ ಉಡುಪಿ ಹೋಟೆಲು. ಅದರ ಸ್ಥಾಪಕರ ಜೀವನಚರಿತ್ರೆಗಳು ನಮ್ಮ ಕಪಾಟಿನಲ್ಲಿವೆ. ಕೋರಿ ರೊಟ್ಟಿ, ಮೀನು, ಮದ್ಯಗಳ ಮನೆ ಅದೇ ಊರಿನ ಜನರದಾದರೂ ಸಂಸ್ಕೃತಿಯಾಗುವುದಿಲ್ಲ, 'ಧಂಧೆ'ಯಾಗುತ್ತದೆ. ನಾವು ದೊಡ್ಡ ಮಾತುಗಳನ್ನಾಡುತ್ತೇವೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯಾಗಿ ಗೋದಾವರಿಯನ್ನು ಹೆಸರಿಸಿತೆನ್ನುತ್ತೇವೆ. ಎಲ್ಲೋರದ ಕೈಲಾಸ ನಮ್ಮ ರಾಷ್ಟ್ರಕೂಟ ಕೃಷ್ಣನದೆನ್ನುತ್ತೇವೆ. ಎರಡೂ ನಿಜ. ಆದರೆ ಸಾವಿರದ ಇನ್ನೂರು ವರ್ಷಗಳ ಹಿಂದಿನ ಕಲ್ಲಿಗೆ ಹಕ್ಕು ಸಾಧಿಸುವ ನಾವು, ಅದೇ ಗೋದಾವರಿಯ ದಂಡೆಯಲ್ಲಿ ಐವತ್ತು ವರ್ಷ ಬಾಳಿದ ಕನ್ನಡಿಗನ ಲೆಕ್ಕದ ಪುಸ್ತಕವನ್ನು ಬಾಗಿಲಿನಿಂದಾಚೆ ಕಳುಹಿಸುತ್ತೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣ ಹ್ಞಾಗಿರಲಿಲ್ಲ. ಅಲ್ಲಿಯ ಶರಣರಲ್ಲಿ ಹೆಂಡದ ಮಾರಯ್ಯನಿದ್ದ. ಹೆಂಡ ಮಾರುವುದು ಅವನ ವೃತ್ತಿ. ಆ ವೃತ್ತಿ ಅವನ ಹೆಸರಿನ ಮುಂದೆಯೇ ನಿಂತಿದೆ. ಅವನ ವಚನಗಳನ್ನು ಯಾರೂ ಹೊರಗಿಡಲಿಲ್ಲ. ಅವನನ್ನು 'ಪಾನೀಯ ಉದ್ಯಮಿ ಮಾರಯ್ಯ'ನೆಂದು ತಿದ್ದುವ ಸಂಪಾದಕನೊಬ್ಬ ಆ ಕಾಲದಲ್ಲಿರಲಿಲ್ಲ. ಬಸವಜಯಂತಿಯಂದು ಕಾಯಕದ ಬಗ್ಗೆ ಒಂದು ಗಂಟೆ ಮಾತನಾಡುವ ನಮಗೆ ಈ ಹೆಸರು ಏನನ್ನೂ ಕಲಿಸಲಿಲ್ಲವೆಂದರೆ ನಾವು ವಚನಗಳನ್ನು ಓದಿಲ್ಲವೆಂದೇ ಅರ್ಥ.

*

ಈಗ ಎದುರು ಪಕ್ಷದ ಮಾತು. ಅದು ಹಗುರವಾದ ಮಾತಲ್ಲ. ಸಮಿತಿಯ ಸಭೆಯಲ್ಲಿ ಯಾರೂ ಅದನ್ನು ಆಡಲಿಲ್ಲವಾದ್ದರಿಂದ ನಾನೇ ಆಡುತ್ತೇನೆ. ನಾನು ಕುಡಿಯುವವನಲ್ಲ. ವಾಳೂಜದ ಕಡೆ ನಾವಿದ್ದಾಗ ನಮ್ಮ ಮನೆಯ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸು ಪ್ರತಿ ತಿಂಗಳ ಏಳನೆಯ ತಾರೀಖು ಕೆಲಸಕ್ಕೆ ರಜೆ ಹಾಕುತ್ತಿದ್ದಳು. ಅಂದು ಗಂಡನಿಗೆ ಪಗಾರ. ಕಾರ್ಖಾನೆಯ ಗೇಟಿಗೂ ಬಾರಿನ ಬಾಗಿಲಿಗೂ ನಡುವಿನ ಮುನ್ನೂರು ಹೆಜ್ಜೆಗಳಲ್ಲಿ ಅವನನ್ನು ಹಿಡಿಯಲು ಅವಳು ಮಗುವನ್ನೆತ್ತಿಕೊಂಡು ನಿಲ್ಲುತ್ತಿದ್ದಳು. ಆ ಬಾರಿನ ಧನಿಯೂ ಕನ್ನಡಿಗನೇ. ಅವನ ಉದ್ರಿ ಪುಸ್ತಕದಲ್ಲಿ ಅವಳ ಗಂಡನ ಹೆಸರಿತ್ತು. ಅವಳ ಹೆಸರಿಗೆ ಎಲ್ಲೂ ಸ್ಥಾನವಿರಲಿಲ್ಲ. ಪರ್ಮಿಟ್ ರೂಮುಗಳಲ್ಲಿ ಹೆಂಗಸರಿಗೆಂದು ಇದ್ದದ್ದು ಮಾಳಿಗೆಯ ಮೇಲಿನ ಫ್ಯಾಮಿಲಿ ರೂಮ್. ಅಲ್ಲಿಗೆ ಇವಳಂಥವರು ಎಂದೂ ಹತ್ತಿದವರಲ್ಲ. ಔದಾರ್ಯದ ಕಥೆಗಳನ್ನಷ್ಟೇ ಹೇಳಿ ಇದನ್ನು ಮುಚ್ಚಿಟ್ಟರೆ ನಾನು ಮತ್ತೊಂದು ಸುಳ್ಳು ಸಂಚಿಕೆ ಸಂಪಾದಿಸಿದಂತಾಗುತ್ತದೆ. ಮಳಿಗೆಯಲ್ಲಿ ದುಡಿದ ಎಳೆಯ ಹುಡುಗರ ಮಾತೂ ಹಾಗೆಯೇ: ಅವರಲ್ಲಿ ಧನಿಯಾದವನು ಒಬ್ಬನಾದರೆ, ಮೇಜು ಒರೆಸುತ್ತಲೇ ಮುದುಕರಾದವರು ಅನೇಕರು.

ಈ ಹೆಂಗಸರು ಸುಮ್ಮನೆ ಕೂರಲಿಲ್ಲ. ಮಹಾರಾಷ್ಟ್ರದಲ್ಲಿ ಒಂದು ವಾರ್ಡಿನ ಅಥವಾ ಹಳ್ಳಿಯ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಪ್ತ ಮತದಾನದಲ್ಲಿ ಬೇಡವೆಂದರೆ ಮದ್ಯದಂಗಡಿ ಮುಚ್ಚಬೇಕೆಂಬ ನಿಯಮವಿದೆ. ಮತಪತ್ರದ ಮೇಲೆ ನಿಂತ ಬಾಟಲಿ, ಮಲಗಿದ ಬಾಟಲಿಗಳ ಚಿತ್ರ. 'ಉಭೀ ಬಾಟಲಿ, ಆಡವೀ ಬಾಟಲಿ' ಎಂದು ಜನ ಅದನ್ನು ಕರೆದರು. ಮದ್ಯಗೃಹಗಳ ಚರಿತ್ರೆಯನ್ನು ಅಕ್ಕರೆಯಿಂದ ಬರೆದಿಟ್ಟ ಸ್ಕಾಟ್ಲೆಂಡಿನಲ್ಲೂ ಇದೇ ನಡೆದಿತ್ತು. ಅಲ್ಲಿಯ 1913ರ ಕಾಯಿದೆ ಊರಿನವರಿಗೆ ಮತ ಹಾಕಿ ಮದ್ಯದಂಗಡಿ ಮುಚ್ಚಿಸುವ ಅಧಿಕಾರ ಕೊಟ್ಟಿತು. ವಿಕ್ ಎಂಬ ಬಂದರುಪಟ್ಟಣ 1922ರಿಂದ 1947ರವರೆಗೆ ಹಾಗೆಯೇ ಒಣಗಿತ್ತು. ಅವರು ಎರಡನ್ನೂ ಬರೆದಿಟ್ಟಿದ್ದಾರೆ: ಧನಿಯ ಹೆಸರನ್ನೂ, ಅವನ ಬಾಗಿಲು ಮುಚ್ಚಿಸಿದ ಮತಗಳ ಲೆಕ್ಕವನ್ನೂ. ಚರಿತ್ರೆ ಬರೆಯುವುದೆಂದರೆ ಹಾರ ಹಾಕುವುದಲ್ಲ. ಆ ಹೆಂಗಸಿಗೆ ಆದ ಅನ್ಯಾಯವನ್ನು ಸಾಬೀತುಪಡಿಸುವ ಕಾಗದವೂ ಆ ಉದ್ರಿ ಪುಸ್ತಕವೇ. ಅದನ್ನು ರದ್ದಿಗೆ ಹಾಕಿದರೆ ಧನಿಯ ಔದಾರ್ಯದೊಡನೆ ಅವಳ ಸಾಕ್ಷಿಯೂ ಹೋಗುತ್ತದೆ. ನೀತಿಯ ಹೆಸರಿನಲ್ಲಿ ಪೆಟ್ಟಿಗೆಗಳನ್ನು ತಿರಸ್ಕರಿಸಿದವರು ಯಾರ ಪರ ನಿಂತಂತಾಯಿತು?

ಎಲ್ಲವನ್ನೂ ಮುಚ್ಚಿಸಿದರೆ ಒಳಿತಾಗುತ್ತದೆಂಬವರಿಗೆ 2015ರ ಜೂನ್ ತಿಂಗಳಲ್ಲಿ ಮುಂಬಯಿಯ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತದ್ದನ್ನು ನೆನಪಿಸಿದರೆ ಸಾಕು. ಸರ್ಕಾರಿ ನೌಕರನಾಗಿ ಸರ್ಕಾರದ ನೀತಿಯನ್ನು ವಿಮರ್ಶಿಸುವುದು ನನ್ನ ಕೆಲಸವಲ್ಲ. ಸಂಘದ ಸದಸ್ಯನಾಗಿ ಸಂಘವನ್ನು ವಿಮರ್ಶಿಸುವುದು ನನ್ನ ಹಕ್ಕು.

*

ಕಾಲ ಹೆಚ್ಚಿಲ್ಲ. ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಹೆದ್ದಾರಿಗಳಿಂದ ಐನೂರು ಮೀಟರ್ ಒಳಗಿನ ಮದ್ಯ ಮಾರಾಟವನ್ನು ನಿಷೇಧಿಸಿದಾಗ, 2017ರ ಏಪ್ರಿಲ್ ಒಂದರಿಂದ ರಸ್ತೆಬದಿಯ ಬಾರುಗಳು ಬಾಗಿಲೆಳೆದವು. ನಗರ ವ್ಯಾಪ್ತಿಯವುಗಳಿಗೆ ಬಳಿಕ ವಿನಾಯಿತಿ ಸಿಕ್ಕಿತಾದರೂ ಅಷ್ಟರಲ್ಲಿ ಕೆಲವರು ಸೋತಿದ್ದರು. ಮಹಾಮಾರಿಯ 2020ರಲ್ಲಿ ಮಾರ್ಚ್ ಕೊನೆಯಿಂದ ಅಕ್ಟೋಬರ್ 5ರವರೆಗೆ ಇಲ್ಲಿ ಕುಳಿತು ತಿನ್ನುವ ಕುಡಿಯುವ ವ್ಯಾಪಾರವೇ ಇರಲಿಲ್ಲ. ಊರಿಗೆ ಹೋದ ಹುಡುಗರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. 2025ರಲ್ಲಿ ಅಬಕಾರಿ ಸುಂಕವನ್ನು ಏರಿಸಿ ವರ್ಷಕ್ಕೆ 14,000 ಕೋಟಿ ರೂಪಾಯಿ ಹೆಚ್ಚುವರಿ ವರಮಾನದ ಅಂದಾಜು ಮಾಡಲಾಯಿತು. ಪರ್ಮಿಟ್ ರೂಮುಗಳ ಮೇಲಿನ ವ್ಯಾಟ್ ಅದಕ್ಕೂ ಮೊದಲೇ ಶೇಕಡಾ 5ರಿಂದ 10ಕ್ಕೇರಿತ್ತು. ಜುಲೈ 14ರಂದು ರಾಜ್ಯದ ಬಾರುಗಳು ಒಂದು ದಿನ ಬಾಗಿಲು ಹಾಕಿ ಪ್ರತಿಭಟಿಸಿದವು. ಧನಿಗಳ ಮಕ್ಕಳು ಎಂಜಿನಿಯರುಗಳಾಗಿ, ವೈದ್ಯರಾಗಿ ಹೋಗುತ್ತಿದ್ದಾರೆ. ಹೋಗಲಿ, ಅದಕ್ಕಾಗಿಯೇ ತಂದೆಯರು ಗಲ್ಲಾದ ಹಿಂದೆ ಕುಳಿತದ್ದು. ಆದರೆ ಅಂಗಡಿ ಕೈಬದಲಾದಾಗ ಮೊದಲು ರದ್ದಿಗೆ ಹೋಗುವುದು ಕನ್ನಡದಲ್ಲಿ ಬರೆದ ಪುಸ್ತಕಗಳು. ಕೊಂಡವನಿಗೆ ಅವು ಓದಲು ಬರುವುದಿಲ್ಲ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನು ಮೂರು ಗೊತ್ತುವಳಿಗಳನ್ನು ಮಂಡಿಸಲಿದ್ದೇನೆ. ಒಂದು, ಆ ಮೂರು ಪೆಟ್ಟಿಗೆಗಳನ್ನು ಸಂಘದ ಗ್ರಂಥಾಲಯ ಸ್ವೀಕರಿಸಬೇಕು. ಸಾಲಗಾರರ ಹೆಸರುಗಳು ಹೊರಬೀಳದಂತೆ ಜೋಪಾನ ಮಾಡುವ ಕ್ರಮವನ್ನೂ ಗೊತ್ತುಮಾಡಬೇಕು. ಎರಡು, ನಾಸಿಕ ಮತ್ತು ಸಂಭಾಜಿನಗರಗಳಲ್ಲಿ ಉಳಿದಿರುವ ಹಳೆಯ ಧನಿಗಳನ್ನೂ, ಅವರ ಪತ್ನಿಯರನ್ನೂ, ಮೇಜು ಒರೆಸಿದವರನ್ನೂ, ಸಿಕ್ಕರೆ ಗೇಟಿನ ಹೊರಗೆ ನಿಂತು ಕಾದ ಹೆಂಗಸರನ್ನೂ ಮಾತನಾಡಿಸಿ ಧ್ವನಿಮುದ್ರಿಸಬೇಕು. ನಮ್ಮ ಯುವಕರಿಗೆ ಕೈಯಲ್ಲೇ ಯಂತ್ರವಿದೆ, ಖರ್ಚಿನ ನೆಪ ಬೇಡ. ಮೂರು, ಮುಂದಿನ ಸ್ಮರಣ ಸಂಚಿಕೆಯಲ್ಲಿ ದಾನಿಗಳ ವೃತ್ತಿಯನ್ನು ಅವರು ಬರೆದುಕೊಟ್ಟಂತೆಯೇ ಅಚ್ಚು ಮಾಡಬೇಕು. ಪರ್ಮಿಟ್ ರೂಮಿನ ಹಣ ಸಂಘಕ್ಕೆ ಹೇಸಿಗೆಯೆನಿಸಿದರೆ ಅದನ್ನು ಹಿಂದಿರುಗಿಸುವ ನಾಲ್ಕನೆಯ ಗೊತ್ತುವಳಿಯನ್ನು ಬೇರೆ ಯಾರಾದರೂ ಮಂಡಿಸಬಹುದು. ಆಗ ಸಭಾಭವನದ ಛಾವಣಿಯಲ್ಲಿ ಎಷ್ಟು ಭಾಗ ಉಳಿಯುತ್ತದೆಂಬ ಲೆಕ್ಕವನ್ನು ಖಜಾಂಚಿಗಳು ಒದಗಿಸಲಿ.

ಗೊತ್ತುವಳಿಗಳು ಬಿದ್ದುಹೋಗಬಹುದು. ಹೋದರೂ ಪೆಟ್ಟಿಗೆಗಳು ನನ್ನ ಮಂಚದ ಕೆಳಗೇ ಇರುತ್ತವೆ. ನಾನು ನಿವೃತ್ತನಾಗಲು ಹೆಚ್ಚು ಕಾಲವಿಲ್ಲ. ಸರ್ಕಾರಿ ವಸತಿಯನ್ನು ಬಿಡಬೇಕಾಗುತ್ತದೆ. ಅಷ್ಟರೊಳಗೆ ಸಂಘ ಮನಸ್ಸು ಬದಲಿಸುತ್ತದೆಂದು ಆಶಿಸುತ್ತೇನೆ. ನಾನು ಹೊಡೆದುಹಾಕಿದ್ದ ಆ ಸಾಲನ್ನು ಈಗ ಇಲ್ಲಿಯೇ ಮರಳಿ ಸೇರಿಸುತ್ತಿದ್ದೇನೆ: ಅವರು ಪರ್ಮಿಟ್ ರೂಮ್ ನಡೆಸುತ್ತಿದ್ದರು.